ಮೂರನೆಯ ಹಾರ್ನ್

"ಇಲ್ಲಿ ಯಾರಾದ್ರೂ ಕೂತಿದಾರಾ?" ಎಂದು ಕೇಳಿದ ಡ್ರೈವಿಂಗ್ ಮೇಷ್ಟ್ರು ಉತ್ತರಕ್ಕೂ ಕಾಯದೆ ಎರಡನೆಯ ಬೆಂಚಿನಲ್ಲಿ ಕೂತುಬಿಟ್ಟರು. ಪಕ್ಕದಲ್ಲಿದ್ದ ಗಡಿಯಾರ ರಿಪೇರಿಯವರು ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಸರಿದರು. ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಅವರ ಬಲಗಣ್ಣಿನ ಸುತ್ತ ಒಂದು ಗುಂಡನೆಯ ಗುರುತು ಉಳಿದುಬಿಟ್ಟಿತ್ತು. ಬೆರಳುಗಳು ಉದ್ದಕ್ಕೆ, ತೆಳ್ಳಗೆ. ಮೇಷ್ಟ್ರು ಮೊದಲು ನೋಡಿದ್ದು ಆ ಬೆರಳುಗಳನ್ನೇ. ಮೂರು ವಾರದಿಂದ ಹಿಂದಿನ ಬೆಂಚಿನಲ್ಲಿ ಕೂತು ತರಗತಿಯ ಒಬ್ಬೊಬ್ಬ ಗಂಡಸನ್ನೂ ತೂಗಿ ನೋಡಿ, ಕೊನೆಗೆ ಇವರೇ ಇರಬೇಕು ಎಂದು ಅವರ ಮನಸ್ಸು ಬೆರಳು ತೋರಿಸಿತ್ತು.

ಐವತ್ತೆಂಟರ ವಯಸ್ಸಿನಲ್ಲಿ ಮೇಷ್ಟ್ರು ಫ್ರೆಂಚ್ ತರಗತಿಗೆ ಬಂದದ್ದು ಕಲಿಯುವ ಆಸೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಇದನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಪರದೇಶದ ಲಕೋಟೆಗಳ ಮೇಲಿನ ನೀಲಿ ಚೀಟಿಯನ್ನು ದಿನಾ ನೋಡಿ ನೋಡಿ, ಅದರಲ್ಲಿ ಫ್ರೆಂಚಿನಲ್ಲಿ ಏನು ಬರೆದಿದೆ ಎಂದು ಒಂದು ದಿನ ಕುತೂಹಲ ಹುಟ್ಟಿ, ಗುರುವಾರದ ತರಗತಿಗೆ ಸೇರಿಕೊಂಡಳು. "ಈ ವಯಸ್ಸಲ್ಲಿ ಫ್ರೆಂಚ್ ಕಲಿತು ಯಾವ ರಾಜ್ಯ ಆಳ್ಬೇಕು?" ಎಂದು ಮೇಷ್ಟ್ರು ನಕ್ಕಿದ್ದರು. ಆದರೂ ಎರಡು ವರ್ಷ, ಪ್ರತಿ ಗುರುವಾರ ಸಂಜೆ ಆರಕ್ಕೆ, ಕೊನೆಯ ಶಿಷ್ಯನನ್ನು ಇಳಿಸಿ ಬಂದು ಈ ಕಟ್ಟಡದ ಎದುರು ಕಾರು ನಿಲ್ಲಿಸುತ್ತಿದ್ದರು. ಒಮ್ಮೆಯೂ ಮೆಟ್ಟಿಲು ಹತ್ತಿರಲಿಲ್ಲ. ರೂಢಿಯಂತೆ ಪಕ್ಕದ ಸೀಟಿಗೆ ಸರಿದು, ಕಲಿಸುವವರಿಗೆಂದೇ ಅಲ್ಲಿರುವ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತು, ಅಲ್ಲಿಂದಲೇ ಸ್ಟೀರಿಂಗಿಗೆ ಕೈ ಚಾಚಿ ಹಾರ್ನ್ ಒತ್ತುತ್ತಿದ್ದರು. ಅವಳು ಯಾವತ್ತೂ ತಡ ಮಾಡಿಯೇ ಇಳಿಯುತ್ತಿದ್ದಳು, ಇವರು ಸಿಡಿಮಿಡಿ ಎನ್ನುತ್ತಿದ್ದರು.

ಅವಳ ಬಟ್ಟೆಗಳನ್ನು ಅಕ್ಕನ ಜೊತೆ ಕೂತು ವಿಂಗಡಿಸುವಾಗ ಆ ನೋಟ್‌ಬುಕ್ ಸಿಕ್ಕಿತು. ಹನ್ನೊಂದು ಪುಟದ ತುಂಬ ಅವಳ ದುಂಡು ಅಕ್ಷರ. ಪ್ರತಿ ವಾಕ್ಯವೂ ಒಂದೇ ಚಿಕ್ಕ ಪದದಿಂದ ಶುರು: ಇಲ್, ಇಲ್, ಇಲ್. ಅವಳದೇ ನಿಘಂಟು ತೆಗೆದು ನೋಡಿದರೆ, ಅವನು. ಅವನು, ಅವನು, ಅವನು! ಕ್ರಿಯಾಪದಗಳು ಬಾಲ ಬದಲಿಸಿಕೊಂಡಿದ್ದರಿಂದ ನಿಘಂಟಿನಲ್ಲಿ ಸುಲಭಕ್ಕೆ ಸಿಗಲಿಲ್ಲ. ತಡಕಾಡಿದಾಗ ಒಂದಿಷ್ಟು ಕೈಗೆ ಬಂತು. ಹಾಡು. ಹೆದರು. ಕಾಯು. ಒಬ್ಬನೇ ಉಣ್ಣು. ಬೇರೆಯವರ ಅಂಗಿಯನ್ನು ಮೈಗೆ ಹಿಡಿದು ನೋಡುವ ಹಾಗೆ ಮೇಷ್ಟ್ರು ಒಂದೊಂದನ್ನೂ ತಮಗೆ ಹಿಡಿದು ನೋಡಿದರು. ಅವರು ಹಾಡಿದವರಲ್ಲ. ಒಬ್ಬರೇ ಉಂಡವರೂ ಅಲ್ಲ, ಆಗ.

"ಏನೋ ಅದು?" ಎಂದಳು ಅಕ್ಕ.

"ಏನಿಲ್ಲ. ಪಾಠ."

"ಪಾಠಕ್ಕೆ ಯಾಕೋ ಮುಖ ಹಾಗೆ ಮಾಡ್ಕೊಂಡಿದೀಯ?"

ಮಾರನೆಯ ವಾರವೇ ಹೋಗಿ ಹೆಸರು ಬರೆಸಿ ಬಂದರು. ಸತ್ತವಳ ಮೇಲೆ ಸಂಶಯಪಡುವುದು ನಾಚಿಕೆಗೇಡು ಎಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದರೆ ಏನು, ಹೊಟ್ಟೆಯೊಳಗಿನ ಉರಿ ಕೇಳಬೇಕಲ್ಲ.

"ಇವತ್ತು ಆಂಪಾರ್ಫೆ" ಎಂದಳು ಟೀಚರ್. ಚಿಕ್ಕ ವಯಸ್ಸಿನ ಹುಡುಗಿ, ಕುತ್ತಿಗೆಯ ತನಕ ಸೀಮೆಸುಣ್ಣ. "ಹೆದರ್ಕೋಬೇಡಿ, ನಮಗೆ ಇದು ಸಲೀಸು. ಮಾಡಿದ ಅಲ್ಲ, ಮಾಡ್ತಿದ್ದ. ಬಂದ ಅಲ್ಲ, ಬರ್ತಿದ್ದ. ಮುಗಿದುಹೋದ ಕೆಲಸ ಅಲ್ಲ, ಆಗ ದಿನಾ ನಡೀತಾ ಇದ್ದದ್ದು. 'ನಾವು' ಅನ್ನೋದಕ್ಕೆ ಬರೋ ರೂಪ ತಗೊಳ್ಳಿ, ಬಾಲ ಕತ್ತರಿಸಿ, ಹೊಸ ಬಾಲ ಅಂಟಿಸಿ. ಅಷ್ಟೇ."

ತರಗತಿ ಒಕ್ಕೊರಲಿನಿಂದ ಬಾಲಗಳನ್ನು ಹಾಡಿತು. ಮೇಷ್ಟ್ರೂ ಹಾಡಿದರು. ಕ್ಲಚ್ ಒತ್ತು, ಗೇರ್ ಹಾಕು, ಕ್ಲಚ್ ಬಿಡು ಎಂದು ಮೂವತ್ತು ವರ್ಷ ಹೇಳಿಕೊಟ್ಟವರಿಗೆ ಇಂಥ ನಿಯಮ ಕಷ್ಟವಲ್ಲ. ಹಾಡುತ್ತಿದ್ದ ಹಾಗೇ ನೋಟ್‌ಬುಕ್ಕಿನ ಹನ್ನೊಂದು ಪುಟಗಳೂ ಕಣ್ಣೆದುರು ತೆರೆದುಕೊಂಡವು. ಹಾಡುತ್ತಿದ್ದ. ಹೆದರುತ್ತಿದ್ದ. ಕಾಯುತ್ತಿದ್ದ. ದಿನಾ!

"ಈಗ ಜೋಡಿ ಕೆಲಸ" ಎಂದಳು ಟೀಚರ್. "ನಮ್ಮಲ್ಲಿ ಪದ್ಧತಿ ಗೊತ್ತಲ್ಲ? ನಿಮ್ಮ ಕಥೆ ನೀವು ಬರೆಯೋ ಹಾಗಿಲ್ಲ. ಪಕ್ಕದವರನ್ನ ಕೇಳಿ, ಅವರದ್ದು ನೀವು ಬರೀರಿ. ನಿಮ್ಮದು ಅವರು ಬರೀತಾರೆ. ಆಗಲೇ ಕಿವಿ ಪಳಗೋದು."

ಮೇಷ್ಟ್ರ ಪೆನ್ನು ಅಲ್ಲೇ ನಿಂತಿತು.

ಗಡಿಯಾರದವರು ಗಂಟಲು ಸರಿಪಡಿಸಿಕೊಂಡರು. "ನಾನು ಶುರು ಮಾಡ್ಲಾ? ನಂದು ಬಾಯಿಪಾಠ ಆಗಿದೆ. ಈ ಪಾಠದಲ್ಲೇ ಮೂರನೇ ಸಲ ಕೂತಿರೋದು. ಮುಂದಕ್ಕೆ ಹಾಕ್ತೀನಿ ಅಂತಾರೆ ಟೀಚರ್, ನನಗೆ ಇಲ್ಲೇ ಹಿತ." ನಿಧಾನವಾಗಿ, ತಪ್ಪಿಲ್ಲದ ಫ್ರೆಂಚಿನಲ್ಲಿ ಹೇಳಿದರು: ಸಣ್ಣವನಿದ್ದಾಗ ಕತ್ತಲೆಗೆ ಹೆದರುತ್ತಿದ್ದೆ. ಅದಕ್ಕೇ ಹಾಡುತ್ತಿದ್ದೆ. ಅಪ್ಪ ಅಂಗಡಿ ಮುಚ್ಚಿ ಬರುವ ತನಕ ಕಾಯುತ್ತಿದ್ದೆ. ಒಬ್ಬನೇ ಉಣ್ಣುತ್ತಿದ್ದೆ.

ಹನ್ನೊಂದು ಪುಟದ 'ಅವನು' ಕತ್ತಲೆಗೆ ಹೆದರುವ ಒಂದು ಸಣ್ಣ ಮಗು! ಮೇಷ್ಟ್ರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪಕ್ಕದವನ ಬಾಲ್ಯವನ್ನು ಅವಳು ಇಷ್ಟು ಕಿವಿಗೊಟ್ಟು ಕೇಳಿ, ದುಂಡಗೆ ಬರೆದಿಟ್ಟಿದ್ದಳು. ತಾನು ಸಣ್ಣವನಿದ್ದಾಗ ಯಾವುದಕ್ಕೆ ಹೆದರುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತೇ? ಹೇಳಿದ ನೆನಪಿಲ್ಲ. ಅವಳದನ್ನು ಕೇಳಿದ ನೆನಪೂ ಇಲ್ಲ. ಇನ್ನೊಂದು ಮಾತೂ ಹೊಳೆಯಿತು. ಇವರದನ್ನು ಅವಳು ಬರೆದಳು ಎಂದರೆ, ಅವಳದನ್ನು?

"ನೀವು ಏನೂ ಬರೀಲಿಲ್ಲ" ಎಂದರು ಗಡಿಯಾರದವರು.

"ನನ್ನ ಹೆಂಡ್ತಿ ಇದೇ ಬೆಂಚಲ್ಲಿ ಕೂರ್ತಿದ್ದಳು."

"ಗೊತ್ತು ಮೇಷ್ಟ್ರೇ. ನೀವು ಮೊದಲ ದಿನ ಒಳಗೆ ಬಂದಾಗಲೇ ಗೊತ್ತಾಯ್ತು. ಮಾತಾಡ್ಸೋದು ಹ್ಯಾಗೆ ಅಂತ ತಿಳೀಲಿಲ್ಲ." ಗೋಡೆಯ ಕಡೆ ನೋಡಿದರು. "ಆ ಫೋಟೋ ನೋಡಿದ್ರಾ?"

ನೋಡದೆ ಏನು? ಮೂರು ವಾರದಿಂದ ಅದನ್ನೇ ನೋಡಿ ಮೇಷ್ಟ್ರಿಗೆ ರಕ್ತ ಕುದಿಯುತ್ತಿತ್ತು. ಹಿಂದಿನ ತಂಡದ ಫೋಟೋ. ಎಲ್ಲರೂ ಅವಳ ಕಡೆ ತಿರುಗಿದ್ದಾರೆ. ಅವಳು ಒಂದು ಬೆರಳು ಮೇಲೆತ್ತಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ. ಪಕ್ಕದಲ್ಲಿ ಈ ಮನುಷ್ಯ ಹೊಟ್ಟೆ ಹಿಡಿದುಕೊಂಡಿದ್ದಾನೆ. ಮನೆಯ ಯಾವ ಫೋಟೋದಲ್ಲೂ ಅವಳು ಹಾಗೆ ನಕ್ಕಿಲ್ಲ. ಮದುವೆಯ ಫೋಟೋದಲ್ಲೂ ಇಲ್ಲ.

"ಏನು ಜೋಕ್ ಹೇಳಿದ್ರಿ ಆವತ್ತು?" ಎಂದರು ಮೇಷ್ಟ್ರು. ದನಿ ತಮಗೇ ಒರಟಾಗಿ ಕೇಳಿತು.

"ನಾನಾ? ನಾನೇನೂ ಹೇಳ್ಲಿಲ್ಲ." ಗಡಿಯಾರದವರು ಚೀಲದ ಪಟ್ಟಿ ಬಿಚ್ಚಿದರು. ಆಮೇಲೆ ಒಳಗೆ ಕೈ ಹಾಕಿ, ಮೂಲೆ ಮಡಚಿಹೋದ ಒಂದು ನೋಟ್‌ಬುಕ್ ತೆಗೆದು ಬೆಂಚಿನ ಮೇಲಿಟ್ಟರು. "ಅವರದ್ದು ಇದರಲ್ಲಿದೆ. ನನ್ನ ಮಾತಲ್ಲ, ಅವರು ಹೇಳಿದ್ದನ್ನೇ ಬರ್ಕೊಂಡಿದೀನಿ. ಓದ್ಕೊಳ್ಳಿ. ಮುಂದಿನ ವಾರ ತಂದ್ಕೊಡಿ, ಮರೀಬೇಡಿ. ನನಗೆ ಅದು ಬೇಕು."

'ನನಗೆ ಅದು ಬೇಕು' ಎಂಬ ಮಾತು ಮೇಷ್ಟ್ರಿಗೆ ಮನೆಯವರೆಗೂ ಮುಳ್ಳಿನ ಹಾಗೆ ಚುಚ್ಚಿತು.

ಭಾನುವಾರ ಬೆಳಿಗ್ಗೆ ಕೋಣೆಯ ಮೇಜಿನ ಮೇಲೆ ಎರಡೂ ನೋಟ್‌ಬುಕ್ ಹರಡಿಕೊಂಡು, ನಿಘಂಟು ಪಕ್ಕಕ್ಕಿಟ್ಟುಕೊಂಡು ಕೂತರು. ಈಗ ಬಾಲಗಳು ಗೊತ್ತಿದ್ದವು. ಗಡಿಯಾರದವರ ಅಕ್ಷರ ಇರುವೆಯಷ್ಟು ಸಣ್ಣದು, ಅಲ್ಲಲ್ಲಿ ಟೀಚರ್ ಹಾಕಿದ ಕೆಂಪು ಗೀಟು. ಇಲ್ಲಿ ಹೆಚ್ಚಿನ ವಾಕ್ಯಗಳು 'ಎಲ್' ಎಂದು ಶುರು. ಅವಳು.

ಅವಳು ಲಕೋಟೆಗಳನ್ನು ಮೂಸಿ ನೋಡುತ್ತಿದ್ದಳು. ಅವಳು ಸಣ್ಣವಳಿದ್ದಾಗ ಬಸ್ಸಿನ ಡ್ರೈವರ್ ಆಗಬೇಕೆಂದಿದ್ದಳು. ಮೇಷ್ಟ್ರು ಈ ವಾಕ್ಯವನ್ನು ಎರಡು ಸಲ ನಿಘಂಟಿಗೆ ಹಿಡಿದರು. ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮನುಷ್ಯ ಹೆಂಡತಿಗೆ ಕಲಿಸಿರಲಿಲ್ಲ. ಅವಳು ಕೇಳಲೂ ಇಲ್ಲ. ಮುಂದಿನ ಪುಟದಲ್ಲಿ ಅವರೇ ಇದ್ದರು.

ಗುರುವಾರ ಆರು ಗಂಟೆಗೆ ಅವಳ ಗಂಡ ಬರುತ್ತಿದ್ದ. ಅವನು ಹಾರ್ನ್ ಮಾಡುತ್ತಿದ್ದ. ಅವಳು ಏಳುತ್ತಿರಲಿಲ್ಲ. ಅವನು ಮತ್ತೆ ಹಾರ್ನ್ ಮಾಡುತ್ತಿದ್ದ. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಬೆರಳೆತ್ತಿ 'ಇನ್ನೊಂದು' ಎನ್ನುತ್ತಿದ್ದಳು. ಮೂರನೆಯದಕ್ಕೆ ಅವಳು ನಗುತ್ತ ಚೀಲ ಎತ್ತಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವನು ಅವಳನ್ನು ಅಷ್ಟು ಸಲ ಕರೆಯುತ್ತಿರಲಿಲ್ಲ.

ಕೊನೆಯ ಕ್ರಿಯಾಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಟೀಚರ್ ಅದನ್ನು ಕೆಂಪಿನಲ್ಲಿ ಸೇರಿಸಿ, ಕೆಳಗೆ 'ಚೆನ್ನಾಗಿದೆ' ಎಂದು ಬರೆದಿದ್ದಳು.

ಮೇಷ್ಟ್ರು ನಿಘಂಟು ಮುಚ್ಚಿದರು. ಅಳು ಬರಲಿಲ್ಲ, ಉರಿಯೇ ಬಂತು. ಈಗ ಅದು ಗಡಿಯಾರದವರ ಮೇಲಷ್ಟೇ ಅಲ್ಲ. ಆ ಬೆಂಚುಗಳ ಮೇಲೆ, ಕಿಟಕಿಯ ಮೇಲೆ, ಎರಡು ವರ್ಷ ಅವಳ ಜೊತೆ ಮೂರನೆಯ ಹಾರ್ನಿಗೆ ಕಾದ ಅಷ್ಟೂ ಜನರ ಮೇಲೆ ಹೊಟ್ಟೆಕಿಚ್ಚಾಯಿತು. ಆ ನಗು ತನ್ನಿಂದಲೇ ಎದ್ದದ್ದು, ಅದನ್ನು ಕಾಣದೆ ಉಳಿದವನು ತಾನೊಬ್ಬನೇ.

"ಊಟಕ್ಕೆ ಬಾರೋ" ಎಂದು ಭಾನುವಾರದ ಅಡುಗೆಗೆ ಬಂದಿದ್ದ ಅಕ್ಕ ಒಳಗಿಂದ ಕರೆದಳು. ಮತ್ತೊಮ್ಮೆ ಕರೆದಳು. ಮೂರನೆಯ ಸಲ ಮೇಷ್ಟ್ರು ಬೆಚ್ಚಿ ಎದ್ದರು.

ಗುರುವಾರ ಐದಕ್ಕೆ ಅವರು ತರಗತಿಗೆ ಹೋಗಲಿಲ್ಲ. ಕೊನೆಯ ಶಿಷ್ಯನನ್ನು ಇಳಿಸಿ, ಆರಕ್ಕೆ ಸರಿಯಾಗಿ ಕಟ್ಟಡದ ಎದುರು ಹಳೆಯ ಜಾಗದಲ್ಲೇ ಕಾರು ನಿಲ್ಲಿಸಿ, ಪಕ್ಕದ ಸೀಟಿಗೆ ಸರಿದು ಕೂತರು. ಗಡಿಯಾರದವರ ನೋಟ್‌ಬುಕ್ ತೊಡೆಯ ಮೇಲಿತ್ತು. ಮೇಲಿನ ಮಹಡಿಯಿಂದ ಬಾಲಗಳ ಹಾಡು ಕೇಳಿಬರುತ್ತಿತ್ತು.

ಅವರು ಕೈ ಚಾಚಿ ಹಾರ್ನ್ ಒತ್ತಿದರು. ಹಾಡು ನಿಂತಿತು.

ಸ್ವಲ್ಪ ತಡೆದು ಇನ್ನೊಮ್ಮೆ ಒತ್ತಿದರು. ಕಿಟಕಿಯಲ್ಲಿ ಗಡಿಯಾರದವರು ಕಾಣಿಸಿಕೊಂಡರು. ಅವರ ಹಿಂದೆ, ಏನೆಂದು ತಿಳಿಯದ ಹೊಸ ತಂಡದ ಎರಡು ಮೂರು ಮುಖಗಳು. ಗಡಿಯಾರದವರು ಕೆಳಗೆ ನೋಡುತ್ತ, ಚೌಕಟ್ಟು ಹಿಡಿದುಕೊಂಡು ನಿಂತರು.

ಮೇಷ್ಟ್ರು ಸ್ಟೀರಿಂಗಿನಿಂದ ಕೈ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟುಕೊಂಡರು. ಕಾಲು ಎರಡನೆಯ ಬ್ರೇಕಿನ ಮೇಲೇ ಇತ್ತು. ಮೇಲೆ ಎಲ್ಲರೂ ಕಾಯುತ್ತಿದ್ದರು.