ತೊಳೆದಷ್ಟೂ ಕದಡಿದ ನೀರು

ಆ ಬೀದಿಯಲ್ಲಿ ಯಾರ ಬಟ್ಟೆಗೆ ಎಂಥ ಕಲೆ ಬಿದ್ದರೂ ದಾರಿ ಒಂದೇ, ದೊಡ್ಡಮ್ಮನ ಲಾಂಡ್ರಿ. ಶಾಯಿ, ಎಣ್ಣೆ, ತುಕ್ಕು, ರಕ್ತ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಂಡು ಹೋದದ್ದಿಲ್ಲ. ಮುಂದಿನ ಕೋಣೆಯಲ್ಲಿ ದೊಡ್ಡಪ್ಪನ ಇಸ್ತ್ರಿ ಮೇಜು. ನಡುವಿನದರಲ್ಲಿ ಊಟ, ನಿದ್ದೆ, ಜಗಳ. ಹಿಂದೆ ಸಿಮೆಂಟಿನ ತೊಟ್ಟಿಗಳು. ಒಳಗೆ ಕಾಲಿಟ್ಟರೆ ಮೊದಲು ಸೋಡಾಪುಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಮನುಷ್ಯರ ದನಿ ಕೇಳುತ್ತಿದ್ದದ್ದು ಆಮೇಲೆ.

"ಕೊಳೆ ಕಂಡ್ರೆ ಇವಳಿಗೆ ಜ್ವರ ಬರುತ್ತೆ," ಎಂದು ದೊಡ್ಡಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ. "ಇಷ್ಟು ವರ್ಷ ಜೊತೇಲಿದ್ದೂ ನಾನು ಬಣ್ಣ ಬಿಟ್ಟಿಲ್ಲ ನೋಡಿ, ಅದೇ ನನ್ನ ಪುಣ್ಯ."

ಅವರನ್ನು ದೊಡ್ಡಮ್ಮ, ದೊಡ್ಡಪ್ಪ ಎಂದು ಕರೆಯುವ ಹಕ್ಕಿದ್ದದ್ದು ಒಬ್ಬಳಿಗೇ, ಗುಬ್ಬಿಗೆ. ದೊಡ್ಡಮ್ಮನ ತಂಗಿಯ ಮಗಳು. ತಂದೆಯ ಮುಖ ಕಂಡವಳಲ್ಲ. ಚಳಿಗಾಲದ ಮೊದಲಲ್ಲಿ ತಾಯಿಯೂ ತೀರಿಕೊಂಡಳು. ಬಾಡಿಗೆ ಮನೆ ಖಾಲಿ ಮಾಡಿ, ತಂಗಿಯ ಸಾಮಾನನ್ನೆಲ್ಲ ತನ್ನ ಮನೆಯ ಅಟ್ಟಕ್ಕೇರಿಸಿ, ಮೇಲೊಂದು ಚಾದರ ಹೊದಿಸಿದ ದೊಡ್ಡಮ್ಮ ಮತ್ತೆ ಆ ಕಡೆ ತಲೆಯೆತ್ತಿ ನೋಡಿರಲಿಲ್ಲ. ಗುಬ್ಬಿ ಮಾತ್ರ ಒಂದು ಗಾಜಿನ ಬುಡ್ಡಿಯನ್ನು ಎದೆಗವಚಿಕೊಂಡು ಬಂದಿದ್ದಳು. ಅದರಲ್ಲಿ ಅವಳಮ್ಮ ಸಾಕಿದ ಎರಡು ಗೋಲ್ಡ್ ಫಿಶ್. ಒಂದು ಅಪ್ಪಟ ಕಿತ್ತಳೆ, ಇನ್ನೊಂದಕ್ಕೆ ಬಿಳಿ ಬಾಲ.

ಗುಬ್ಬಿ ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಬುಡ್ಡಿಯ ಮುಂದೆ ಕೂತು ಮೀನುಗಳ ಜೊತೆ ಏನೋ ಪಿಸುಗುಟ್ಟುತ್ತಿದ್ದಳು. ಅಲ್ಲಿ ಕೂರುವುದಕ್ಕೊಂದು ನೆಪ ಬೇಕಲ್ಲ, ಆಗಾಗ ಒಂದು ಚಿಟಿಕೆ ಮೀನಿನ ಕಾಳು ಹಾಕುತ್ತಿದ್ದಳು. ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಪಾಪ, ಇನ್ನೂ ಹಸಿವು ಎಂದುಕೊಂಡು ಮತ್ತೊಂದು ಚಿಟಿಕೆ. ಉಳಿದದ್ದು ತಳದ ಕಲ್ಲುಗಳ ನಡುವೆ ಕೊಳೆಯಿತು. ನೀರು ಹಾಲು ಬೆರೆಸಿದಂತೆ ಮಬ್ಬಾಯಿತು.

ದೊಡ್ಡಮ್ಮನಿಗೆ ಅಷ್ಟು ಕಂಡರೆ ಸಾಕು. ಮೀನುಗಳನ್ನು ಒಂದು ಮಗ್ಗಿಗೆ ಹಾಕಿದಳು. ಇದ್ದ ನೀರನ್ನೆಲ್ಲ ಚರಂಡಿಗೆ ಚೆಲ್ಲಿದಳು. ಬುಡ್ಡಿಯನ್ನೂ ಕಲ್ಲುಗಳನ್ನೂ ಸೋಡಾ ಹಾಕಿ ತಿಕ್ಕಿ, ಬ್ಲೀಚಿನಲ್ಲಿ ಅದ್ದಿ, ತೊಳೆದು, ನಲ್ಲಿಯ ನೀರು ತುಂಬಿದಳು. "ನೋಡೇ, ಗಾಜೇ ಇಲ್ಲವೇನೋ ಅನ್ನೋ ಹಾಗಿದೆ!" ಎಂದಳು.

ಕೆಲವೇ ದಿನಗಳಲ್ಲಿ ನೀರು ಮತ್ತೆ ಮಬ್ಬಾಯಿತು. ಮತ್ತೆ ತೊಳೆದಳು. ತೊಳೆದಷ್ಟೂ ಬೇಗ ಕದಡುತ್ತಿತ್ತು, ಕದಡಿದಷ್ಟೂ ಜೋರಾಗಿ ತಿಕ್ಕುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹೀಗೆ ತೊಳೆದ ಮಾರನೆಯ ದಿನ ಬಿಳಿ ಬಾಲದ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಗುಬ್ಬಿ ಶಾಲೆಯಿಂದ ಬರುವಷ್ಟರಲ್ಲಿ ದೊಡ್ಡಮ್ಮ ಅದನ್ನು ಹಿತ್ತಿಲಲ್ಲಿ ಹೂತು ಬಂದಿದ್ದಳು.

"ಅದು ಹೋಯ್ತು ಕಣೇ," ಎಂದಳು.

ಗುಬ್ಬಿ ಅಳಲಿಲ್ಲ. ಸಂಜೆ ತನ್ನ ಹಾಸಿಗೆಯನ್ನು ಎಳೆದುಕೊಂಡು ಹೋಗಿ, ಬುಡ್ಡಿಯಿಂದ ದೂರದ ಗೋಡೆಯ ಪಕ್ಕ ಹಾಸಿಕೊಂಡಳು.

"ಯಾಕೆ ಪುಟ್ಟಿ, ಅಲ್ಲಿ ಥಂಡಿ ಅಲ್ವಾ?"

"ನಾನು ಹತ್ರ ಇದ್ರೆ ಇದಕ್ಕೂ ಏನಾದ್ರೂ ಆಗುತ್ತೆ." ಗೋಡೆಯ ಕಡೆ ಮುಖ ಮಾಡಿಕೊಂಡು ಮತ್ತೆ ಹೇಳಿದಳು: "ನೀವೂ ನನ್ನ ಹತ್ರ ಮಲಗ್ಬೇಡಿ ದೊಡ್ಡಮ್ಮ."

ದೊಡ್ಡಮ್ಮ ಒದ್ದೆ ಕೈಯಲ್ಲಿ ಹಾಗೆಯೇ ನಿಂತಳು. ಈ ಕಲೆಗೆ ಯಾವ ಪುಡಿ ಹಾಕಬೇಕೋ ಅವಳಿಗೆ ಗೊತ್ತಿರಲಿಲ್ಲ. ಉಳಿದ ಮೀನೊಂದು ಉಳಿದರೆ ಸಾಕು, ಇದೂ ಹೋದರೆ ಈ ಮಗು ತನ್ನ ನೆರಳಿಗೇ ಹೆದರಿಕೊಂಡು ಬೆಳೆಯುತ್ತದೆ. ಹಾಗೆಂದುಕೊಂಡು ತನಗೆ ಗೊತ್ತಿದ್ದ ಒಂದೇ ಉಪಚಾರ ಮಾಡಿದಳು. ಬುಡ್ಡಿಯನ್ನು ಇನ್ನಷ್ಟು ಸೋಡಾ ಹಾಕಿ ತೊಳೆದಳು.

ಆ ವಾರ ಬಿಳಿ ಕೋಟುಗಳನ್ನು ಒಯ್ಯಲು ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದಳು. ಚಿಲ್ಲರೆ ತರಲು ಒಳಗೆ ಹೋದ ದೊಡ್ಡಮ್ಮನ ಹಿಂದೆ ಅವಳ ಕಣ್ಣೂ ಹೋಗಿ ಬುಡ್ಡಿಯ ಮೇಲೆ ನಿಂತಿತು.

"ಇದು ಯಾವಾಗಿಂದ ಹೀಗೆ ಮೇಲೇ ನಿಂತು ಬಾಯಿ ಬಡೀತಿದೆ?"

"ಹಸಿವು ಡಾಕ್ಟರಮ್ಮ," ಎಂದ ದೊಡ್ಡಪ್ಪ, ಇಸ್ತ್ರಿ ಒತ್ತುತ್ತಲೇ. "ನನ್ನ ಹಾಗೇ. ಯಾವಾಗ್ಲೂ ಬಾಯಿ ತೆಗ್ದೇ ಇರುತ್ತೆ."

"ಹಸಿವಲ್ಲ. ಉಸಿರು ಸಿಗ್ತಿಲ್ಲ ಅದಕ್ಕೆ." ಅವಳು ಒಳಗೆ ಹೋಗಿ ಬಗ್ಗಿ ನೋಡಿದಳು. "ರೆಕ್ಕೆ ಮೈಗೆ ಅಂಟಿಸಿಕೊಂಡಿದೆ ನೋಡಿ. ಬಾಲದಲ್ಲಿ ಕೆಂಪು ಗೆರೆ ಬೇರೆ, ಅಂಚೂ ಹರಿದಿದೆ. ತುಂಬ ಕಷ್ಟದಲ್ಲಿದೆ."

"ಮೀನಿಗೂ ಡಾಕ್ಟರಾ! ಸತ್ರೆ ಅಂಗಡಿಯಿಂದ ಇನ್ನೊಂದು ತಂದ್ರಾಯ್ತಪ್ಪ."

ದೂರದ ಗೋಡೆಯ ಬಳಿ ಪಾಠ ಓದುತ್ತಿದ್ದ ಗುಬ್ಬಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ದೊಡ್ಡಮ್ಮ ಗಂಡನತ್ತ ನೋಡಿದ ನೋಟಕ್ಕೆ ಇಸ್ತ್ರಿಪೆಟ್ಟಿಗೆಯೇ ತಣ್ಣಗಾಗಬೇಕಿತ್ತು.

"ನೀರು ಹೇಗೆ ಬದಲಾಯಿಸ್ತೀರಿ?" ಡಾಕ್ಟರಮ್ಮ ಕೇಳಿದಳು.

ದೊಡ್ಡಮ್ಮ ಎಲ್ಲವನ್ನೂ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. ಸೋಡಾ, ಬ್ಲೀಚು, ನಲ್ಲಿ ನೀರು. ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು.

"ನಿಮ್ಮ ಕ್ಲೀನೇ ಇದನ್ನ ಕೊಲ್ತಿರೋದು."

"ಏನು ಹೀಗಂತೀರಿ? ಸೋಡಾದಲ್ಲಿ ತೊಳೆದ ಬಟ್ಟೇನ ಹಸುಗೂಸಿಗೆ ಹಾಕ್ತೀವಿ!"

"ಹಸುಗೂಸು ಬಟ್ಟೆ ಉಸಿರಾಡಲ್ಲ. ಮೀನು ಆ ನೀರನ್ನೇ ಉಸಿರಾಡುತ್ತೆ. ಸೋಪು, ಬ್ಲೀಚು ಒಂಚೂರು ಉಳಿದ್ರೂ ಅದರ ಕಿವಿರು ಸುಡುತ್ತೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದೂ ಹಾಗೇ. ಮೊದ್ಲು ಮೀನನ್ನ ಈ ನೀರಿಂದ ಆಚೆ ತೆಗೀಬೇಕು. ಸೋಪು ಮುಟ್ಟದೇ ಇರೋ ಅಗಲದ ಪಾತ್ರೆ ಕೊಡಿ. ತೆರೆದಿಟ್ಟ ಹಳೇ ನೀರು ಇದ್ರೆ ಇನ್ನೂ ಒಳ್ಳೇದು."

ದೊಡ್ಡಮ್ಮ ಅಡುಗೆ ಮನೆಗೆ ಓಡಿದಳು, ಹಿತ್ತಿಲಿಗೆ ಓಡಿದಳು, ಬರಿಗೈಯಲ್ಲಿ ಬಂದಳು. ಬಕೆಟ್ಟು, ಟಬ್ಬು, ಚೊಂಬು, ಕೊಳಗ, ಎಲ್ಲಕ್ಕೂ ಸೋಡಾ ಕುಡಿಸಿಯೇ ಇಟ್ಟಿದ್ದಳು. ಅವಳ ಕೈಗೆ ಸಿಕ್ಕಿದ್ದರಲ್ಲಿ ಸೋಪು ಮುಟ್ಟದ ಪಾತ್ರೆ ಒಂದೂ ಇರಲಿಲ್ಲ.

ದೊಡ್ಡಪ್ಪ ಇಸ್ತ್ರಿ ಕೆಳಗಿಟ್ಟ. ಮೇಜಿನ ಕೆಳಗಿಂದ ಬಟ್ಟೆಗೆ ನೀರು ಚಿಮುಕಿಸುವ ತನ್ನ ಅಗಲದ ಪ್ಲಾಸ್ಟಿಕ್ ಟಬ್ಬನ್ನು ಎಳೆದ.

"ಇದು ನಡೆಯುತ್ತಾ? ಇದಕ್ಕೆ ನಾನು ಸೋಪು ತೋರಿಸಿದ್ದೇ ಇಲ್ಲ. ಸೋಪಿನ ನೀರು ಚಿಮುಕಿಸಿದ್ರೆ ಇಸ್ತ್ರಿ ಕೆಳಗೆ ಹಳದಿ ಕಲೆ ಕೂರುತ್ತೆ. ನಿನ್ನೆ ಬೆಳಗ್ಗೆ ತುಂಬಿದ ನೀರು, ಹೀಗೇ ತೆರೆದಿದೆ."

"ಸದ್ಯಕ್ಕೆ ಇದೇ ಸಾಕು," ಎಂದಳು ಡಾಕ್ಟರಮ್ಮ. ಎರಡೂ ನೀರಿಗೆ ಕೈಯಿಟ್ಟು ಬಿಸಿ-ತಂಪು ಒಂದೇ ಇದೆಯೇ ಎಂದು ನೋಡಿದಳು. "ದಿಢೀರ್ ತಣ್ಣಗಿರೋ ನೀರಿಗೆ ಹಾಕಿದ್ರೂ ಮೀನು ತಡ್ಕೊಳ್ಳಲ್ಲ." ಆಮೇಲೆ ಬುಡ್ಡಿಯ ನೀರನ್ನು ಅರ್ಧಕ್ಕಿಳಿಸಿ, ಟಬ್ಬಿನ ನೀರನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಬೆರೆಸಿ, ಮೀನನ್ನು ನಿಧಾನವಾಗಿ ಟಬ್ಬಿಗೆ ಬಿಟ್ಟಳು. ಮೀನು ಮೂಲೆಗೆ ಹೋಗಿ ಒರಗಿ ನಿಂತಿತು. ಈಜಲಿಲ್ಲ.

"ನೀವು ಮೀನಿನ ಅಂಗಡಿಗೆ ಹೋಗಿ," ಎಂದು ದೊಡ್ಡಪ್ಪನಿಗೆ ಹೇಳಿದಳು. "ಕ್ಲೋರಿನ್ ತೆಗೆಯೋ ಹನಿ ಕೊಡ್ತಾರೆ. ಗಾಳಿ ಗುಳ್ಳೆ ಬಿಡೋ ಪುಟ್ಟ ಪಂಪು ಕೂಡ. ನೀರು ಎಷ್ಟು ಹೊತ್ತು ತೆರೆದಿಟ್ರೂ ಕೆಲವು ಕಡೆ ನಲ್ಲಿ ನೀರಿಗೆ ಹಾಕೋ ಔಷಧಿ ಹೋಗಲ್ಲ. ಹನಿಯೇ ಗ್ಯಾರಂಟಿ."

ಮೀನಿಗೂ ಡಾಕ್ಟರಾ ಎಂದವನು ಚಪ್ಪಲಿ ಮೆಟ್ಟಿದ್ದನ್ನು ಯಾರೂ ನೋಡಲಿಲ್ಲ, ಅಷ್ಟು ಬೇಗ ಹೋದ.

"ಬದುಕುತ್ತಾ?" ಎಂಬ ಸಣ್ಣ ದನಿ ದೂರದ ಗೋಡೆಯಿಂದ ಬಂತು.

"ಹೇಳಕ್ಕಾಗಲ್ಲ ಮಗು," ಎಂದಳು ಡಾಕ್ಟರಮ್ಮ. ಸುಳ್ಳು ಸಮಾಧಾನ ಹೇಳುವ ಜಾತಿಯವಳಲ್ಲ ಅವಳು.

"ನಾನು ಹತ್ರ ಹೋಗಿಲ್ಲ. ಆದ್ರೂ ಹೀಗಾಯ್ತು."

ಡಾಕ್ಟರಮ್ಮ ದೊಡ್ಡಮ್ಮನ ಮುಖ ನೋಡಿದಳು. ಆಮೇಲೆ ಗುಬ್ಬಿಯ ಕಡೆ ತಿರುಗಿದಳು. "ನೀನು ಹತ್ರ ಇದ್ದಿದ್ದಕ್ಕೆ ಹೀಗಾಗಿಲ್ಲಮ್ಮ. ಕೇಳು, ಮೀನು ಇರೋ ನೀರಲ್ಲೇ ಅದರ ಗಲೀಜೂ ಸೇರುತ್ತೆ. ತಿನ್ನದೇ ಬಿಟ್ಟ ಕಾಳು ಕೊಳೆಯುತ್ತೆ. ಅದರಿಂದ ಅಮೋನಿಯಾ ಅನ್ನೋ ವಿಷ ಹುಟ್ಟುತ್ತೆ. ಕಲ್ಲಿಗೆ, ಫಿಲ್ಟರಿಗೆ ಅಂಟಿಕೊಂಡಿರೋ ಕಣ್ಣಿಗೆ ಕಾಣದ ಒಳ್ಳೆ ಬ್ಯಾಕ್ಟೀರಿಯಾ ಆ ವಿಷಾನ ಮುರಿಯುತ್ತೆ. ಇಲ್ಲಿ ಫಿಲ್ಟರೇ ಇಲ್ಲ. ಇದ್ದ ಬ್ಯಾಕ್ಟೀರಿಯಾನೂ ಪ್ರತಿ ಸಲ ಬ್ಲೀಚಿಗೆ ಸತ್ತಿದೆ. ಬುಡ್ಡಿ ಬೇರೆ ಅಂಗೈಯಷ್ಟು."

"ಕಾಳು ನಾನೇ ಹಾಕಿದ್ದು," ಎಂದಳು ಗುಬ್ಬಿ.

ದೊಡ್ಡಮ್ಮ ಹೋಗಿ ಹಾಸಿಗೆಯ ತುದಿಯಲ್ಲಿ ಕೂತಳು. ಮಗುವಿನ ಕೈ ಹಿಡಿಯಲು ಹೋಗಿ ಹಿಡಿಯಲಿಲ್ಲ.

"ಹಾಕಿದ್ದು ನಿಜ. ಎಷ್ಟು ಹಾಕ್ಬೇಕು ಅಂತ ನಿಂಗೆ ಯಾರು ಹೇಳಿದ್ರು? ನಾನು ಹೇಳಿದ್ನಾ? ನಂಗೇ ಗೊತ್ತಿರ್ಲಿಲ್ಲ. ಬಿಳಿ ಬಾಲದ್ದು ಸತ್ತಿದ್ದು ನನ್ನ ಕೈಯಲ್ಲಿ, ಪುಟ್ಟಿ. ನಿನ್ನಿಂದ ಅಲ್ಲ. ನೀನು ಎಷ್ಟು ಹತ್ರ ಕೂತ್ರೂ ಅದಕ್ಕೇನೂ ಆಗ್ತಿರ್ಲಿಲ್ಲ."

ಗುಬ್ಬಿ ಎದ್ದು ಬಂದು ಟಬ್ಬಿನ ಪಕ್ಕ ಮೊಣಕಾಲೂರಿ ಕೂತಳು.

ಮರುದಿನ ಮೀನು ಬದುಕಿತ್ತು. ಅಷ್ಟೇ. ತಿನ್ನಲಿಲ್ಲ, ಆಡಲಿಲ್ಲ. ತಂಗಿಯ ಮನೆಯಲ್ಲಿ ಮೀನುಗಳು ಯಾವುದರಲ್ಲಿದ್ದವು ಎಂದು ಡಾಕ್ಟರಮ್ಮ ಹೊರಡುವಾಗ ಕೇಳಿದ್ದು ದೊಡ್ಡಮ್ಮನ ತಲೆಯಲ್ಲಿ ಕೊರೆಯುತ್ತಿತ್ತು. ಕೊನೆಗೆ ಏಣಿ ಹಾಕಿ ಅಟ್ಟ ಹತ್ತಿ, ಚಾದರ ಸರಿಸಿದಳು. ತಂಗಿಯ ಸೀರೆಗಳ ಗಂಟು, ಔಷಧಿ ಡಬ್ಬಿ, ಅವುಗಳ ಹಿಂದೆ ಗಾಜಿನ ದೊಡ್ಡ ತೊಟ್ಟಿ. ಒಳಗೆ ಫಿಲ್ಟರು, ಒಣಗಿದ ಕಲ್ಲು. ದೊಡ್ಡಪ್ಪ ಕೆಳಗೆ ನಿಂತು ಇಳಿಸಿಕೊಂಡ. ಅವತ್ತು ಅವನು ಒಂದೂ ತಮಾಷೆ ಮಾಡಲಿಲ್ಲ.

ತೊಟ್ಟಿಯ ಗಾಜಿನ ಮೇಲೆ ನೀರು ನಿಲ್ಲುತ್ತಿದ್ದ ಮಟ್ಟಕ್ಕೆ ಸುಣ್ಣದ ಬಿಳಿ ಗೆರೆ ಕಟ್ಟಿತ್ತು. ದೊಡ್ಡಮ್ಮನ ಕೈ ತಾನಾಗಿಯೇ ಸೋಡಾ ಡಬ್ಬಿಯತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಬರೀ ನೀರಲ್ಲಿ ತೊಳೆದು, ಹೊಸ ಬಟ್ಟೆಯಲ್ಲಿ ಒರೆಸಿದಳು. ಗೆರೆ ಹೋಗಲಿಲ್ಲ. ತಂಗಿ ತುಂಬುತ್ತಿದ್ದ ಆ ಮಟ್ಟದವರೆಗೇ ಅವಳೂ ನೀರು ತುಂಬಿದಳು.

ಡಾಕ್ಟರಮ್ಮ ಮತ್ತೆ ಬಂದು ನೋಡಿ ಹೋದಳು. "ಹೊಸದಾಗಿ ಶುರು ಮಾಡಿದ ತೊಟ್ಟಿ ಇದು. ಒಳ್ಳೆ ಬ್ಯಾಕ್ಟೀರಿಯಾ ಬೆಳೆಯೋಕೆ ವಾರಗಟ್ಟಲೆ ಬೇಕು. ಅಲ್ಲೀವರೆಗೆ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಹನಿ ಹಾಕಿದ ನೀರು. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಸಾಕು. ಎಲ್ಲಾನೂ ಚೆಲ್ಲೋ ಹಾಗಿಲ್ಲ. ಫಿಲ್ಟರಿನ ಸ್ಪಂಜು ಕೊಳೆಯಾದ್ರೆ ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ."

"ಕೊಳೆ ನೀರಲ್ಲಿ ತೊಳೀಬೇಕಾ!" ದೊಡ್ಡಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೂಂ. ಕಣ್ಣು ಮುಚ್ಕೊಂಡು ತೊಳೀರಿ."

ಗುಬ್ಬಿ ಮೊದಲ ಬಾರಿಗೆ ನಕ್ಕಳೋ ಏನೋ. ಖಚಿತವಾಗಿ ಹೇಳಲಾಗದು.

ಕಿತ್ತಳೆ ಮೀನು ಬದುಕಿತು, ಒಂಟಿಯಾಗಿ. ಬಾಲದ ಅಂಚು ಹರಿದು ಹೋದದ್ದು ಪೂರ್ತಿ ಕೂಡಿಕೊಳ್ಳಲಿಲ್ಲ. ಗುಬ್ಬಿ ಈಗ ಚಿಟಿಕೆಯಲ್ಲಿ ಅರ್ಧ ಹಾಕುತ್ತಾಳೆ. ಮೀನು ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು ಮಾತ್ರ, ಅದೂ ಕಾಳನ್ನು ನೀರಲ್ಲಿ ನೆನೆಸಿ. ಹಾಕುವ ಮುಂಚೆ ಮೀನಿನ ಮೈಯೆಲ್ಲ ನೋಡುತ್ತಾಳೆ. ಹಾಗೆ ನೋಡುತ್ತಿದ್ದಾಗಲೇ ಒಂದು ಸಂಜೆ ಕೇಳಿದಳು:

"ಅಮ್ಮಂಗೂ ಹೀಗೇ ಮೊದ್ಲೇ ಏನಾದ್ರೂ ಕಾಣಿಸಿತ್ತಾ?"

ದೊಡ್ಡಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ.

"ಕಾಣಿಸಿತ್ತು ಮಗಳೇ. ಮೆಟ್ಟಿಲು ಹತ್ತಿದ್ರೆ ಉಸಿರು ಹಿಡೀತಿತ್ತು. ಸುಸ್ತು ಅಷ್ಟೇ ಅಕ್ಕ ಅಂತಿದ್ಲು. ನಾವೂ ಸುಸ್ತೇ ಅಂದ್ಕೊಂಡ್ವಿ."

ಓದುವವರೇ, ಕೇಳುವವರೇ, ನಿಮ್ಮ ಮನೆಯ ಮೀನು ಸುಸ್ತು ಎಂದು ಕೂಡ ಹೇಳಲಾರದು. ಅದಕ್ಕೆ ಇರುವ ಮಾತೆಲ್ಲ ಅದರ ಮೈಯೇ. ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ರೆಕ್ಕೆಯಲ್ಲಿ ಕೆಂಪು ಗೆರೆ ಮೂಡಿದರೆ, ನೀರು ಕೆಟ್ಟಿದೆ ಎಂದು ಮೊದಲು ಅನುಮಾನಿಸಿ, ಒಂದಷ್ಟು ನೀರನ್ನು ತಕ್ಷಣ ಬದಲಾಯಿಸಿ. ಉಪ್ಪು ಉದುರಿಸಿದಂತೆ ಮೈತುಂಬ ಬಿಳಿ ಚುಕ್ಕೆ ಎದ್ದು, ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಅಂಟುವ ರೋಗ, ಪಶುವೈದ್ಯರನ್ನು ಕೇಳಿ. ಹತ್ತಿಯಂಥ ಬಿಳಿ ಬೂಷ್ಟು, ಅಂಚು ಹರಿದ ರೆಕ್ಕೆಗಳನ್ನೂ ಕಡೆಗಣಿಸಬೇಡಿ. ಓರೆಯಾಗಿ, ತಲೆಕೆಳಗಾಗಿ ತೇಲುತ್ತಿದ್ದರೆ ಒಂದು ದಿನ ತಿನ್ನಲು ಕೊಡದೆ ನೋಡಿ. ಹೊಟ್ಟೆ ಊದಿ ಹುರುಪೆಗಳು ನೆಟ್ಟಗೆ ಎದ್ದು ನಿಂತಿದ್ದರೆ ಗಂಡಾಂತರ, ತಡಮಾಡದೆ ಪಶುವೈದ್ಯರ ಬಳಿ ಹೋಗಿ. ಕೈಗೆ ಸಿಕ್ಕ ಔಷಧಿಯನ್ನು ನೀರಿಗೆ ಸುರಿಯಬೇಡಿ. ಹೊಸ ಮೀನು ತಂದರೆ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ, ಆಮೇಲೆ ಸೇರಿಸಿ. ಸಾಕಲಾಗದಿದ್ದರೆ ಕೆರೆಗೆ ಬಿಡಬೇಡಿ, ಸಾಕುವವರಿಗೆ ಕೊಡಿ. ಬುಡ್ಡಿಯಲ್ಲಂತೂ ಬೇಡವೇ ಬೇಡ. ಅಗಲವಾದ ತೊಟ್ಟಿ, ಫಿಲ್ಟರು, ಕ್ಲೋರಿನ್ ತೆಗೆದ ನೀರು ಇದ್ದರೆ ಈ ಜೀವ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ.

ಇಷ್ಟೆಲ್ಲ ನೆನಪಿರದಿದ್ದರೂ ಪರವಾಗಿಲ್ಲ. ಇವತ್ತು ಕಾಳು ಹಾಕುವ ಮುಂಚೆ ಒಂದು ನಿಮಿಷ ಬಗ್ಗಿ ಅದರ ಮುಖ ನೋಡಿ. ನಾಳೆಯೂ ನೋಡಿ. ಮನೆಯಲ್ಲಿ ಮಾತಾಡದೆ ಕೂತಿರುವ ಬೇರೆ ಯಾರಾದರೂ ಇದ್ದರೆ, ಅವರನ್ನೂ.