ಮುನಿತಾಯಮ್ಮನಿಗೆ ಹಾಡುವವರು

"ತಲೆ ಎತ್ತಿ ಹಿಡ್ಕೊಳ್ಳವ್ವ, ಸೀಗೇಕಾಯಿ ಕಣ್ಣಿಗೆ ಹೋದಾತು," ಎಂದಳು ಪಿಳ್ಳಮ್ಮ.

ಸತ್ತವರ ಕಣ್ಣಿಗೆ ಹೋದರೇನು ಎಂದು ಯಾರೂ ಕೇಳಲಿಲ್ಲ. ಪಂಕಜಾ ಅತ್ತೆ ಮುನಿತಾಯಮ್ಮನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಪಿಳ್ಳಮ್ಮ ನೀರು ಹೊಯ್ದಳು. ಸುತ್ತ ಸೀರೆ ಹಿಡಿದು ಮರೆ ಮಾಡಿದ್ದ ಹೆಂಗಸರು ಬಿಕ್ಕುತ್ತಿದ್ದರು. ಆದರೆ ಹಾಡಿ ಅಳುವವರು ಯಾರೂ ಇರಲಿಲ್ಲ.

ಪುಟ್ಟೇನಹಳ್ಳಿಯಲ್ಲಿ ಯಾರೇ ಸತ್ತರೂ ಹಾಡಿ ಅಳುತ್ತಿದ್ದವಳು ಮುನಿತಾಯಮ್ಮನೇ. ಬೆಳಗ್ಗೆ ಜಯನಗರದ ಬೀದಿಗಳಲ್ಲಿ ಸೊಪ್ಪು ಮಾರಿ ಬಂದು, ಸಾವಿನ ಮನೆಯ ಮುಂದೆ ಕೂತಳೆಂದರೆ ಹೋದವರ ಬದುಕೆಲ್ಲ ಅವಳ ಬಾಯಲ್ಲಿ ಪದವಾಗಿ ಬರುತ್ತಿತ್ತು. ಯಾರು ಅವರೇಕಾಳಿಗೆ ಆಸೆಪಡುತ್ತಿದ್ದರು, ಯಾರು ತಂಗಿಯ ಮದುವೆಗೆಂದು ಎತ್ತು ಮಾರಿ ಕೊಟ್ಟಿಗೆಯಲ್ಲಿ ಒಬ್ಬರೇ ಅತ್ತಿದ್ದರು, ಎಲ್ಲ ಅವಳಿಗೆ ಗೊತ್ತಿತ್ತು. ಕೇಳಿದವರಿಗೆ, ಇದ್ದಾಗಲೇ ಅವರನ್ನು ಇನ್ನೂ ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಬಹುದಿತ್ತು ಅನ್ನಿಸುತ್ತಿತ್ತು.

"ಪಿಳ್ಳಮ್ಮಕ್ಕ, ನೀನಾದ್ರೂ ಎರಡು ಪದ ಹೇಳು," ಎಂದಳು ಪಕ್ಕದ ಮನೆಯವಳು.

"ಅವಳ ಪದಕ್ಕೆ ಕೊನೇಲಿ ದನಿ ಸೇರಿಸ್ತಿದ್ದೋಳು ನಾನು. ಕಟ್ಟೋಕೆ ಬಂದಾತಾ? ಮಗಳಿಲ್ಲ ಅವಳಿಗೆ. ಸೊಸೆ ಹೇಳ್ಬೇಕು."

ಎಲ್ಲರೂ ಪಂಕಜಾಳನ್ನು ನೋಡಿದರು. ಚಾಮರಾಜಪೇಟೆಯಲ್ಲಿ ಎಂಟನೇ ಕ್ಲಾಸು ಓದಿ ಬಂದವಳು ಅವಳು. ಬಾಯಿಬಿಟ್ಟು ಅಳುವುದೇ ನಾಚಿಕೆ ಎಂದು ಬೆಳೆದವಳು.

"ನಂಗೆ ಬರಲ್ಲ," ಎಂದಳು.

ಹೊರಗಿಂದ ಬೈರಣ್ಣನ ದನಿ ಬಂತು. ಮುನಿತಾಯಮ್ಮನ ಗಂಡನ ಅಣ್ಣ, ಮನೆಗೆ ಹಿರಿಯ. "ಬೇಗ ಮುಗಿಸ್ರಮ್ಮ. ಗುಂಡಿ ತೋಡಿ ಆಯ್ತಂತೆ."

*

ಎರಡು ವರ್ಷದ ಹಿಂದೆ, ಅರವತ್ತನೇ ಇಸವಿಯಲ್ಲಿ, ಪಂಕಜಾಳ ಮೂರು ತಿಂಗಳ ಗಂಡುಮಗು ಜ್ವರ ಬಂದು ಹೋಯಿತು. "ಹಾಲುಗೂಸು. ಹಾಡಿ ಅಳಬಾರ್ದು, ಮನೆಗೆ ಒಳ್ಳೇದಲ್ಲ," ಎಂದಿದ್ದ ಬೈರಣ್ಣ. ಗಂಡ ಮುನಿರಾಜು ಮಗುವನ್ನು ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಬರಿಗೈಯಲ್ಲಿ ಬಂದ. ಗೋಡೆಗೆ ಒರಗಿ ಕೂತ ಪಂಕಜಾ ಮೂರು ದಿನ ಅಳಲಿಲ್ಲ, ಅನ್ನ ಮುಟ್ಟಲಿಲ್ಲ. ಎದೆಹಾಲು ಮಾತ್ರ ರವಿಕೆ ನೆನೆಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಮುನಿತಾಯಮ್ಮ ಬಾಗಿಲ ಅಗುಳಿ ಹಾಕಿದಳು. ಪಕ್ಕದಲ್ಲಿ ಕೂತು, ಸೊಸೆಗೆ ಮಾತ್ರ ಕೇಳುವಷ್ಟು ಸಣ್ಣಗೆ ಹಾಡಿದಳು. ಮೂರು ತಿಂಗಳ ಕೂಸಿಗೆ ಹೇಳಲು ಬದುಕೆಲ್ಲಿತ್ತು? ಬದುಕದೆ ಹೋದದ್ದನ್ನೇ ಹೇಳಿದಳು.

"ಇಸ್ಕೂಲಿಗೆ ಹೋಗ್ಲಿಲ್ಲ, ಸಿಲೇಟು ಒಡೀಲಿಲ್ಲ,
ಮಾವಿನ ಮರ ಹತ್ತಿ ಬೈಸ್ಕೊಳ್ಲಿಲ್ಲ, ನನ ಕಂದ,
ಯಾವ ಮಾತಿಗೆ ಮುನಿದು ಹೊಂಟ್ಯಪ್ಪ?"

ಹೀಗೇ ಪದದಲ್ಲಿ ಅವನನ್ನು ಬೆಳೆಸಿದಳು. ಮೀಸೆ ಬಂತು, ಮದುವೆಯಾಯಿತು, ತಲೆ ನರೆಯಿತು. ಮುದುಕಿಯಾದ ತಾಯಿಗೆ ಹೆಗಲು ಕೊಟ್ಟು, ಮಣ್ಣು ಮಾಡಿ ಬಂದ. ಅಷ್ಟು ಹೊತ್ತಿಗೆ ಪಂಕಜಾ ಅತ್ತೆಯ ತೊಡೆಯ ಮೇಲೆ ಬಿದ್ದು ಹೊರಳಿ ಅಳುತ್ತಿದ್ದಳು.

ಮಾರನೆಯ ಬೆಳಗ್ಗೆ ಅತ್ತೆ ಎಂದಿನಂತೆ ಸೊಪ್ಪು ಹೊತ್ತು ಹೋದಳು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

*

ಚಟ್ಟ ಸಿದ್ಧವಾಗಿತ್ತು. ಮುನಿರಾಜು ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. ಕೊನೆಯ ಸಲ ಕಾಲು ಮುಟ್ಟಲು ಪಂಕಜಾ ಬಗ್ಗಿದಳು. ಬಿರುಕು ಬಿಟ್ಟ ಹಿಮ್ಮಡಿ ಕೈಗೆ ಒರಟಾಗಿ ಸಿಕ್ಕಿತು. ಅದನ್ನು ಬಿಡಲಾರದೆ ಅಲ್ಲೇ ಕುಸಿದು ಕೂತಳು.

"ಸೊಪ್ಪಿನ ಪುಟ್ಟಿ ಹೊತ್ತೆ, ಬಿಸಿಲಲ್ಲಿ ಕಾಲ್ ಸುಟ್ಟೆ,
ಒಂದ್ ಜೊತೆ ಚಪ್ಪಲಿ ಕೇಳ್ಲಿಲ್ಲ..."

ಪದ ಅಲ್ಲಿಗೇ ನಿಂತಿತು. ರಾಗವೂ ಸರಿಯಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಯನ್ನು ನೀನು ಎಂದದ್ದು ಅದೇ ಮೊದಲು.

"ನನ್ನಮ್ಮಾ," ಎಂದು ಪಿಳ್ಳಮ್ಮ ಹಿಂದಿನಿಂದ ದನಿ ಸೇರಿಸಿದಳು.

"ಕೊಡಿಸೋಕೆ ನಮಗೂ ತೋಚ್ಲಿಲ್ಲ."

ಆಮೇಲೆ ಪಂಕಜಾಳನ್ನು ಯಾರೂ ತಡೆಯುವ ಹಾಗಿರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ ಹಾಡಿದ್ದನ್ನೂ ಹೇಳಿದಳು, ಹಾಡಿ ಅಳಬಾರದೆಂದಿದ್ದ ಕೂಸಿಗೆ ಪದದಲ್ಲೇ ಮುಪ್ಪಿನವರೆಗೂ ಆಯುಸ್ಸು ಕೊಟ್ಟದ್ದನ್ನೂ ಹೇಳಿದಳು. ಊರಿಗೆ ಅದು ತಿಳಿದದ್ದು ಆಗಲೇ. ಚಟ್ಟ ಎತ್ತಿದರು; ಅವಳು ಹಾಡುತ್ತಲೇ ಹಿಂದೆ ನಡೆದಳು. ಹೆಗಲು ಕೊಟ್ಟಿದ್ದ ಬೈರಣ್ಣ ನೆಲ ನೋಡುತ್ತ ಹೆಜ್ಜೆ ಹಾಕಿದ.

ಹೆಂಗಸರು ಊರ ಅಂಚಿನಲ್ಲೇ ನಿಂತರು. ಗಂಡಸರು ಕೆರೆ ಏರಿಯ ನಡುವೆ, ವಾಡಿಕೆಯಂತೆ, ಚಟ್ಟ ಇಳಿಸಿದರು. ಒಂದು ಗಳಿಗೆ ಇಳಿಸಿ, ದಿಕ್ಕು ತಿರುಗಿಸಿ ಮತ್ತೆ ಎತ್ತಬೇಕು. ಎತ್ತಿ ಎಂದು ಹೇಳಬೇಕಾದವನು ಬೈರಣ್ಣ. ನೀರಿನ ಮೇಲಿಂದ ಪಂಕಜಾಳ ದನಿ ಬರುತ್ತಲೇ ಇತ್ತು.

"ಹೊತ್ತಾಯ್ತಲ್ಲ ಮಾವ," ಎಂದ ಯಾರೋ.

"ಹಾಡು ಮುಗೀಲಿ," ಎಂದ ಬೈರಣ್ಣ.

ಗಂಡಸರು ಒಬ್ಬೊಬ್ಬರಾಗಿ ಏರಿಯ ಮೇಲೆ ಕುಳಿತರು. ಬಿಸಿಲು ನೆತ್ತಿಗೆ ಬಂದಿತ್ತು. ಬೈರಣ್ಣ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿದ. ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮುನಿತಾಯಮ್ಮನ ಮುಖಕ್ಕೆ ನೆರಳು ಮಾಡಿಕೊಂಡು ನಿಂತ.