ಒಂದು ಸೀಸೆಗೆ ಐದು ಮಕ್ಕಳು

2023ನೇ ಇಸವಿ ಜೂನ್ ಹನ್ನೆರಡನೆಯ ತಾರೀಖು, ಸೋಮವಾರ, ನನ್ನ ಮೊಮ್ಮಗಳು ಅರ್ಪಿತಳ ಸಿ.ಡಿ.4 ಎಣಿಕೆ ಏಳುನೂರ ಹನ್ನೆರಡು ಎಂದು ಮೈಸೂರಿನಲ್ಲಿ ಡಾಕ್ಟರು ತಿಳಿಸಿದರು. ಕಾಯಿಲೆಯೊಡನೆ ಹೋರಾಡುವ ರಕ್ತಕಣಗಳ ಲೆಕ್ಕ ಅದು. ಮೂರು ವರ್ಷಗಳ ಹಿಂದೆ ಅವಳ ತಾಯಿ, ಎಂದರೆ ನನ್ನ ಮಗಳು, ತೀರಿಕೊಂಡ ಮೇಲೆ ಮಗುವಿಗೂ ಎಚ್.ಐ.ವಿ. ಇದೆಯೆಂದು ಗೊತ್ತಾದಾಗ ಅದು ನೂರ ನಲವತ್ತಮೂರು ಇತ್ತು. ಅಂದಿನಿಂದ ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ. ಈಗ ಅವಳಿಗೆ ಆರು ವರ್ಷ. ವಿಷಯ ನನಗೆ, ನನ್ನ ಹೆಂಡತಿ ಶಿವನಂಜಮ್ಮನಿಗೆ ಮತ್ತು ನಮ್ಮ ಕಿರಿಯ ಮಗಳಿಗೆ ಮಾತ್ರ ಗೊತ್ತು. ಊರಿನವರಿಗೆ ರಕ್ತ ಕಡಿಮೆ ಎಂದು ಹೇಳಿದ್ದೇವೆ.

“ಎಣಿಕೆ ಚೆನ್ನಾಗಿದೆ ಸರ್. ಆದರೆ ದಡಾರದ ವಿರುದ್ಧ ಇವಳಿಗೆ ಏನೇನೂ ರಕ್ಷಣೆ ಇಲ್ಲ. ಲಸಿಕೆ ಮತ್ತೆ ಹಾಕಿಸಬೇಕು,” ಎಂದರು ಡಾಕ್ಟರ್ ಚೈತ್ರ.

“ಎರಡು ಸಲ ಹಾಕಿಸಿದೆ. ಕಾರ್ಡಿನಲ್ಲಿದೆ.”

“ಕಾರ್ಡಿನಲ್ಲಿದೆ, ಮೈಯಲ್ಲಿಲ್ಲ. ಲಸಿಕೆ ಅನ್ನೋದು ಪಾಠ ಇದ್ದ ಹಾಗೆ ಸರ್. ಆಗ ಚಿಕಿತ್ಸೆ ಶುರುವಾಗಿರಲಿಲ್ಲ. ಕಲಿಯಬೇಕಾದ ಕಣಗಳೇ ಸಾಯ್ತಾ ಇದ್ದವು. ಈಗ ಇವೆ, ಈಗ ಕಲಿಸೋಣ.”

ನಾನು ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು. ಒಂದಕ್ಕೆ ಒಂದು ಕೂಡಿಸಿದರೆ ಸೊನ್ನೆ ಬರುವುದನ್ನು ಸುಲಭವಾಗಿ ಒಪ್ಪುವವನಲ್ಲ. ಆದರೆ ಪಾಠ ನಡೆದ ದಿನ ವಿದ್ಯಾರ್ಥಿ ಗೈರುಹಾಜರಾಗಿದ್ದರೆ ಆ ಪಾಠ ಅವನಿಗೆ ಆದಂತಲ್ಲ. ಹಾಗೆ ಯೋಚಿಸಿ ಒಪ್ಪಿದೆ. ಆ ವಾರ ಲಸಿಕೆಯ ದಾಸ್ತಾನು ಎಲ್ಲೆಡೆಯೂ ಮುಗಿದಿತ್ತು. ನಮ್ಮ ಹೆಮ್ಮರಗಾಲಕ್ಕೆ ಗುರುವಾರ ಬರುವ ನರ್ಸ್ ರಮ್ಯ ಅವರ ಬಳಿ ಒಂದು ಸೀಸೆ ಉಳಿದಿದೆಯೆಂದು ಡಾಕ್ಟರೇ ಫೋನಿನಲ್ಲಿ ವಿಚಾರಿಸಿ ತಿಳಿದು, ಅವರೊಬ್ಬರಿಗೆ ಕಾರಣವನ್ನೂ ಹೇಳಿದರು.

ಅದಕ್ಕೆ ಮೊದಲು ಹದಿನೈದು ದಿನ ಅರ್ಪಿತ ಬನ್ನೂರಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದಳು; ಅಲ್ಲಿಂದಲೇ ಮೈಸೂರಿಗೆ ಕರೆತಂದಿದ್ದೆ. ಆ ಸಂಜೆ ಊರಿಗೆ ಕಾಲಿಟ್ಟವಳೇ ಪಕ್ಕದ ಮನೆಗೆ ಓಡಿ ಕೃಷ್ಣಕುಮಾರನ ಕೂಸನ್ನು ಎತ್ತಿಕೊಂಡಳು. ಮಂಗಳವಾರ ಬೆಳಿಗ್ಗೆ ಕೂಸಿನ ಮೈತುಂಬ ದಡಾರ ಎದ್ದಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಸೋಂಕು ತಗುಲಿದ ಮೂರು ದಿನದೊಳಗೆ ಲಸಿಕೆ ಬಿದ್ದರೆ ಕಾಯಿಲೆಯನ್ನು ತಡೆಯಬಹುದು, ತಡವಾದರೆ ಈ ಮಗುವಿನ ಶ್ವಾಸಕೋಶಕ್ಕೆ ಅಪಾಯ, ಗುರುವಾರ ತಪ್ಪಕೂಡದು ಎಂದರು.

ರಮ್ಯ ಅವರಿಗೆ ಫೋನ್ ಮಾಡಿದೆ.

“ಹಾಕ್ತೀನಿ ಸಾರ್. ಆದ್ರೆ ಒಬ್ಬಳಿಗೋಸ್ಕರ ಸೀಸೆ ಒಡೆಯೋಕಾಗಲ್ಲ. ಅದರಲ್ಲಿ ಐದು ಡೋಸ್ ಇರುತ್ತೆ. ಒಡೆದ ಮೇಲೆ ನಾಲ್ಕು ಗಂಟೆ ಅಷ್ಟೇ, ಮಿಕ್ಕಿದ್ದು ಚೆಲ್ಲಬೇಕು. ಹೋದ ತಿಂಗಳು ಚೆಲ್ಲಿದ್ದಕ್ಕೆ ನೋಟಿಸ್ ಬಂದಿದೆ. ನಿಮ್ಮ ಬೀದೀಲೇ ಡೋಸ್ ಬಾಕಿ ಇರೋ ಮಕ್ಕಳಿದಾರೆ. ಐದು ಜನ ಸೇರಿಸಿ.”

ನನಗೆ ಇನ್ನೂ ನಾಲ್ವರು ಬೇಕಾದರು. ಬಾಕಿ ಇದ್ದದ್ದು ಐವರು. ಲೆಕ್ಕದ ಮಟ್ಟಿಗೆ ತೊಂದರೆ ಇರಲಿಲ್ಲ.

ತೊಂದರೆ ಬೇರೆಡೆ ಇತ್ತು. ನಮ್ಮಲ್ಲಿ ದಡಾರಕ್ಕೆ ಅಮ್ಮ ಎನ್ನುತ್ತಾರೆ. ಒಂದು ಮನೆಗೆ ಅಮ್ಮ ಬಂದರೆ ಇಡೀ ಬೀದಿಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಸೂಜಿ ಚುಚ್ಚಿಸುವುದಿಲ್ಲ. ಮಾರಮ್ಮನ ಗುಡಿಗೆ ಮೊಸರನ್ನ ಒಯ್ದು ತಂಪು ಮಾಡಿದ ಮೇಲೆಯೇ ಎಲ್ಲವೂ. ದಡಾರ ರೋಗಾಣುವಿನಿಂದ ಬರುತ್ತದೆ, ಮಾರಮ್ಮನಿಂದಲ್ಲ ಎಂದು ಈ ಬೀದಿಯ ಎರಡು ತಲೆಮಾರಿಗೆ ನಾನು ಶಾಲೆಯಲ್ಲಿ ಹೇಳಿದ್ದೇನೆ. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆದಿದ್ದರು.

ಬುಧವಾರ ಐದು ಮನೆಗಳ ಬಾಗಿಲಿಗೂ ಹೋದೆ. ಐದೂ ಕಡೆ ಒಂದೇ ಉತ್ತರ: ಗುರುಬಸಮ್ಮನನ್ನು ಕೇಳಿ. ಬೀದಿಯ ತಂಪು ಯಾವತ್ತು ಎಂದು ನಿಶ್ಚಯಿಸುವ ಹಿರಿಯಳು ಆಕೆ. ಐದರಲ್ಲಿ ಒಂದು ಆಕೆಯದೇ ಮನೆ; ಅಲ್ಲಿ ಸೊಸೆಯೂ ಅದನ್ನೇ ಹೇಳಿದ್ದಳು. ಮನೆಗೆ ಬಂದು ಶಿವನಂಜಮ್ಮನನ್ನು ಕೇಳಿದೆ.

“ನಾನೂ ಅದೇ ಹೇಳೋದು. ಮಾತ್ರೆ ನಿಲ್ಸು ಅಂತ ನಾನು ಹೇಳಿಲ್ಲ, ಅದು ನಂಗೂ ಗೊತ್ತು. ಸೂಜಿ ಮಾತ್ರ ಗುರುಬಸಮ್ಮನ್ನ ಕೇಳ್ದೆ ಬ್ಯಾಡ,” ಎಂದಳು.

ಗುರುಬಸಮ್ಮ ಜಗುಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದಳು.

“ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?”

“ಇಲ್ಲ. ತಂಪು ಯಾವತ್ತು?”

“ಸುಕ್ರವಾರ.”

“ನಾಳೆ ಬೆಳಿಗ್ಗೆ ಆಗಬೇಕು.”

“ಗುರುವಾರ ಯಾರಾದ್ರೂ ತಂಪು ಮಾಡ್ತಾರ? ಇದೇನು ನಿಮ್ ಇಸ್ಕೂಲ್ ಟೈಮ್‌ಟೇಬಲ್ಲಾ?”

“ಅಮ್ಮ ಬಂದದ್ದು ಮಂಗಳವಾರ. ಆಕೆ ವಾರ ನೋಡಿ ಬರಲಿಲ್ಲ.”

ಆಕೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು.

“ನಿಮ್ ಮಗೀಗೆ ಎಲ್ಡು ಸೂಜೀನೂ ಆಗದೆ. ನಾನೇ ಜೊತೇಲಿದ್ದೆ. ಮತ್ಯಾಕೆ?”

“ಹಿಂದೆ ಹಾಕಿದ್ದು ಹಿಡಿಯಲಿಲ್ಲ.”

“ಯಾಕೆ ಇಡೀಲಿಲ್ಲ?”

ಸುಳ್ಳನ್ನು ಸಿದ್ಧಪಡಿಸಿಕೊಂಡು ಹೋಗಬೇಕಾಗಿತ್ತು. ಅದು ಹೊಳೆದಿರಲಿಲ್ಲ.

“ಓಗ್ಲಿ ಬುಡಿ. ಮೂರು ವರ್ಸದಿಂದ ತಿಂಗ್ ತಿಂಗ್ಳೂ ಮೈಸೂರು ಬಸ್ ಅತ್ತೀರಿ. ಆವಾಗ್ಲೇ ಕೇಳಿಲ್ಲ, ಈಗ್ ಯಾಕ್ ಕೇಳಾನ? ನಾಳೆ ಬೆಳಗ್ಗೇನೇ ತಂಪು. ಆದ್ರೆ ಮೊಸರನ್ನದ ಪಾತ್ರೆ ನೀವೇ ಒರ್ಬೇಕು.”

“ಅದು ಹೆಂಗಸರು ಹೊರುವುದು.”

“ಮೇಷ್ಟ್ರೇ ಒತ್ಕೊಂಡ್ ಬಂದ್ರು ಅಂದ್ರೆ ನಾಳೆ ಸೂಜಿಗೆ ಯಾವಳೂ ಇಲ್ಲ ಅನ್ನಾಕಿಲ್ಲ. ನಿಮ್ಗೆ ಮಕ್ಳು ಬೇಕೋ ಬ್ಯಾಡ್ವೋ?”

ಬೇಕಾಗಿತ್ತು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಸ್ನಾನ ಮಾಡಿ, ಬರಿಗಾಲಿನಲ್ಲಿ, ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಪಾತ್ರೆ ಹೊತ್ತು ಬೀದಿಯ ಉದ್ದಕ್ಕೂ ನಡೆದೆ. ಮೊಸರು ತೆಳ್ಳಗಾಗಿತ್ತು. ಎಡಗಿವಿಯ ಹಿಂದೆ ಇಳಿಯತೊಡಗಿತು. ಪಾತ್ರೆ ಹಿಡಿದವನು ಒರೆಸಿಕೊಳ್ಳುವ ಹಾಗಿಲ್ಲ.

“ಎಡಕ್ಕೆ ವಾಲ್ತಾ ಅದೆ ಸಾ,” ಎಂದ ಕೃಷ್ಣಕುಮಾರ. ಏಳನೆಯ ತರಗತಿಯಲ್ಲಿ ಭಿನ್ನರಾಶಿಗಾಗಿ ನನ್ನಿಂದ ಬಹಳ ಏಟು ತಿಂದವನು. ದನಿಯಲ್ಲಿ ಗೌರವವಿತ್ತು, ಮುಖದಲ್ಲಿರಲಿಲ್ಲ.

“ತಾತಾ, ನಿನ್ ಕಿವೀಲಿ ಅನ್ನ ಅದೆ,” ಎಂದಳು ಅರ್ಪಿತ.

ಗುಡಿಯಲ್ಲಿ ಗುರುಬಸಮ್ಮ ಕಲ್ಲಿನ ಮೇಲೆ ಮೊಸರನ್ನ ಇಟ್ಟು, ತಣ್ಣೀರು ಚಿಮುಕಿಸಿ, ಕೈಮುಗಿಯಿರಿ ಎಂದಳು. ಮುಗಿದೆ.

ಹತ್ತು ಗಂಟೆಗೆ ಅಂಗನವಾಡಿಯ ಮುಂದೆ ಐದು ಮನೆಗಳ ಐದು ಮಕ್ಕಳೂ ಇದ್ದರು. ತಾಯಂದಿರು ಗುಂಪಾಗಿ ನಿಂತಿದ್ದರಿಂದ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಶಾಲೆಯಲ್ಲಿ ಪುಸ್ತಕವಾಗಲಿ ಊಟವಾಗಲಿ ಹಂಚುವಾಗ ನನ್ನ ಮನೆಯ ಮಗುವನ್ನು ಕೊನೆಯಲ್ಲಿ ನಿಲ್ಲಿಸುವುದು ಪದ್ಧತಿ. ಹಾಗೆಯೇ ನಿಲ್ಲಿಸಿದೆ. ರಮ್ಯ ಸೀಸೆ ಒಡೆದು, ಪುಡಿಗೆ ನೀರು ಬೆರೆಸಿ, ಒಂದು ಮಗುವಾದ ಮೇಲೆ ಒಂದಕ್ಕೆ ಹಾಕತೊಡಗಿದರು. ನಾಲ್ಕನೆಯದು ಮುಗಿದಾಗ ತಲೆಯೆತ್ತಿ ಸಾಲನ್ನು ನೋಡಿದರು.

“ಸಾರ್, ಸಾಲಿನಲ್ಲಿ ಆರು ಜನ ಇದ್ರಾ?”

“ಹೌದು.”

“ಸೀಸೆಯಲ್ಲಿ ಐದೇ ಅಂತ ಹೇಳಿದ್ನಲ್ಲ. ಇನ್ನು ಒಂದೇ ಉಳಿದಿರೋದು.”

ಐದು ಮಕ್ಕಳು ಬೇಕೆಂದು ಎರಡು ದಿನ ಅಲೆದವನು, ಆರು ಮಕ್ಕಳು ಬಂದರೆ ಒಬ್ಬರಿಗೆ ಇಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದನೆಯ ತರಗತಿಯ ವ್ಯವಕಲನ ಅದು.

ಐದನೆಯವನು ಗುರುಬಸಮ್ಮನ ಮೊಮ್ಮಗ ಅಮೃತೇಶ. ಎರಡನೆಯ ಡೋಸಿಗೆ ಬಂದವನು, ಆಗಲೇ ತೋಳು ಮೇಲಕ್ಕೆ ಸರಿಸಿ ಕಣ್ಣು ಮುಚ್ಚಿಕೊಂಡಿದ್ದ. ಅವನ ಹಿಂದೆ ಅರ್ಪಿತ. ರಮ್ಯ ನನ್ನ ಮುಖ ನೋಡಿದರು. ಕಾರಣ ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾನೂ ಹೇಳುವಂತಿರಲಿಲ್ಲ. ಕಾರಣವಿಲ್ಲದೆ ಇನ್ನೊಬ್ಬರ ಮಗುವಿಗೆ ಸಾಲು ಬಿಡು ಎನ್ನಲು ನನಗೆ ಹಕ್ಕಿರಲಿಲ್ಲ.

“ಸಿಸ್ಟರೇ, ಇವನ್ಗೆ ಮೊದ್ಲು ಒಂದ್ಸಲ ಆಗದಲ್ವಾ?” ಎಂದಳು ಗುರುಬಸಮ್ಮ.

“ಆಗಿದೆ ಅಮ್ಮ, ಚೆನ್ನಾಗೇ ಹಿಡಿದಿರುತ್ತೆ. ಒಂದು ವಾರ ತಡವಾದ್ರೆ ಪರವಾಗಿಲ್ಲ, ಬರೋ ವಾರ ಹೊಸ ಸ್ಟಾಕ್ ಬರುತ್ತೆ.”

ಆಕೆ ಮೊಮ್ಮಗನ ರಟ್ಟೆ ಹಿಡಿದು ಸಾಲಿನಿಂದ ಈಚೆಗೆ ಎಳೆದಳು. ಹುಡುಗ ಕಣ್ಣು ಬಿಟ್ಟು, “ಆಯ್ತಾ ಅಜ್ಜಿ?” ಎಂದ.

“ಆಯ್ತು ಕಣ್ಲಾ, ನಡಿ.”

ಅರ್ಪಿತಳಿಗೆ ಕೊನೆಯ ಡೋಸು ಬಿತ್ತು. ಅತ್ತಳು. ಎರಡು ವಾರ ಕಾದು ನೋಡಬೇಕು, ತಿಂಗಳಾದ ಮೇಲೆ ಇನ್ನೊಂದು ಹಾಕಬೇಕು ಎಂದರು ರಮ್ಯ.

ನಾನು ಗುರುಬಸಮ್ಮನ ಹತ್ತಿರ ಹೋಗಿ ನಿಂತೆ.

“ಸುಮ್ಕೆ ನಿಂತ್ರೆ ಆಗಾಕಿಲ್ಲ ಮೇಷ್ಟ್ರೇ. ಬರೋ ವಾರ ಸೀಸೆ ಒಡೀಬೇಕು ಅಂದ್ರೆ ನಮ್ಮುಡುಗನ್ ಜೊತೆಗೆ ಇನ್ನೂ ನಾಕ್ ಮಕ್ಳು ಬೇಕು. ಅವ್ರನ್ನ ವುಡುಕ್ಕೊಂಡ್ ಬರೋದು ನಿಮ್ ಕೆಲ್ಸ.”

“ಆಗಲಿ,” ಎಂದೆ.

ನಮ್ಮ ಬೀದಿಯಲ್ಲಿ ಡೋಸು ಬಾಕಿ ಇರುವ ಮಕ್ಕಳು ಬೇರೆ ಇಲ್ಲ. ಆ ಸಂಜೆಯಿಂದ ಕೆಳಗಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಇಬ್ಬರು ಸಿಕ್ಕಿದ್ದಾರೆ. ಅಮೃತೇಶನ ಡೋಸು ನನ್ನ ಮೇಲೆ ಬಾಕಿ ಇದೆ.